ಹಾಲುಪುಡಿ ಕದ್ದವರು

"ಮತ್ತೆ ಇಳಿದಿದೆ!"

ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಡಬ್ಬಿಯೊಳಗೆ ಸ್ಟೂಲು ಹತ್ತಿ ಇಣುಕಿದ ಸಿಸ್ಟರ್ ಹೀಗೆ ಕೂಗಿದಾಗ, ಹಾಲು ಕುಡಿಯುತ್ತಿದ್ದ ಮಗು ಕೂಡ ಒಂದು ಕ್ಷಣ ಬಾಯಿ ಬಿಟ್ಟು ಅತ್ತ ನೋಡಿತು. ತನಗೇನು ಎನ್ನುವಂತೆ ಮತ್ತೆ ತನ್ನ ಕೆಲಸಕ್ಕೆ ತೊಡಗಿತು.

ಡಬ್ಬಿ ಹಾಲುಪುಡಿಯದು. ಮಗುವನ್ನು ನೋಡಲು ಬಂದ ಸೋದರಮಾವ ಕೊಟ್ಟುಹೋದ ಉಡುಗೊರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಈ ಸಿಸ್ಟರ್ ಅಂದೇ ಕಟ್ಟಪ್ಪಣೆ ಮಾಡಿದ್ದರು: ಆರು ತಿಂಗಳು ತಾಯಿಯ ಹಾಲು ಬಿಟ್ಟು ಬೇರೇನೂ ಕೂಡದು, ನೀರೂ ಕೂಡದು. ಮನೆಯವರು ತಲೆಯಾಡಿಸಿದ್ದರು. ಎಸೆಯಲು ಮನಸ್ಸು ಬಾರದೆ ಡಬ್ಬಿ ಮಾತ್ರ ಹಲಗೆ ಏರಿತ್ತು. ಈಗ ದಿನೇ ದಿನೇ ಬರಿದಾಗುತ್ತಿತ್ತು.

ತಮ್ಮ ಪಾಲಿನ ಬೀದಿಗಳಲ್ಲಿ ಒಂದು ಕೂಸಿಗೂ ಪುಡಿಹಾಲು ಸೋಕಿಲ್ಲ ಎಂಬುದು ಸಿಸ್ಟರ್ ಹೆಮ್ಮೆ. ಬೆನ್ನ ಹಿಂದೆ ಎಲ್ಲರೂ ‘ಪತ್ತೇದಾರಿ ಸಿಸ್ಟರ್’ ಎನ್ನುತ್ತಿದ್ದರು. ಮಂಚದ ಕೆಳಗೆ ತೂರಿ ಬಾಟಲಿ ಹುಡುಕುವವರನ್ನು ಇನ್ನೇನೆಂದು ಕರೆಯಬೇಕು? ವಾರಕ್ಕೊಮ್ಮೆ ಬರುತ್ತಿದ್ದವರು ಈ ಮನೆಗೆ ದಿನವೂ ಬರತೊಡಗಿದರು. ವಿಚಿತ್ರವೆಂದರೆ, ಕಾವಲು ಹೆಚ್ಚಿದಷ್ಟೂ ಪುಡಿ ಬೇಗ ಕರಗುತ್ತಿತ್ತು. ಎಂಥ ಘಾಟಿ ಕಳ್ಳಿ ಇರಬೇಕು!

ಅನುಮಾನವೆಲ್ಲ ಅಜ್ಜಿಯ ಮೇಲೆ. ಅಷ್ಟು ಮೆತ್ತನೆಯ ಮಾತು, ಅಷ್ಟು ಉಪಚಾರ. ಎಷ್ಟು ಗದರಿದರೂ ಮುಖ ಸಿಂಡರಿಸದೆ ಚಹಾ ತಂದಿಡುತ್ತಿದ್ದರು; ಮನೆಯವರೆಲ್ಲರಂತೆ ತಾವು ಕರಿ ಚಹಾ ಹೀರುತ್ತ ಎದುರು ಕೂರುತ್ತಿದ್ದರು. ಅಜ್ಜಿಯ ಕೈಯ ಚಹಾಕ್ಕೆ ಸಾಟಿಯಿಲ್ಲ, ಅದನ್ನು ಸಿಸ್ಟರ್ ಕೂಡ ಒಪ್ಪುತ್ತಿದ್ದರು. ಹಾಗೆಂದು ಚಹಾಕ್ಕೆ ಬಗ್ಗುವ ಆಸಾಮಿಯಲ್ಲ ಅವರು. ಕುಡಿದು, ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡು, ಮತ್ತೆ ವಿಚಾರಣೆಗೆ ಇಳಿಯುತ್ತಿದ್ದರು.

"ನಿಜ ಹೇಳಿ ಅಜ್ಜಿ, ಮಗೂಗೆ ಕುಡಿಸ್ತಿದೀರ ತಾನೆ?"

"ದೇವರಾಣೆ ಇಲ್ಲ ಸಿಸ್ಟರ್."

"ಮತ್ತೆ ಪುಡಿ ಎಲ್ಲಿ ಹೋಯ್ತು?"

ಅಜ್ಜಿ ನೆಲ ನೋಡಿದರು. "ಅದೊಂದು ಕೇಳ್ಬೇಡಿ. ಬಾಯ್ಬಿಟ್ಟು ಹೇಳೋಕೆ ನಾಚಿಕೆ ಆಗುತ್ತೆ."

ಇದಕ್ಕಿಂತ ಬೇರೆ ತಪ್ಪೊಪ್ಪಿಗೆ ಬೇಕೆ? ತಕ್ಕಡಿಯೂ ಅಜ್ಜಿಯ ವಿರುದ್ಧವೇ ಸಾಕ್ಷಿ ಹೇಳಿತು. ಮಗು ಗುಂಡುಗುಂಡಾಗಿ ಬೆಳೆಯುತ್ತಿತ್ತು.

"ಎಲ್ಲ ಪುಡಿ ಮಹಿಮೆ," ಎಂದು ಸಿಸ್ಟರ್ ಗೊಣಗಿದರು.

ಅಷ್ಟೇ ಸಾಕಾಯಿತು. ಸೊಸೆಯ ಕಣ್ಣು ತುಂಬಿತು. "ಅಂದ್ರೆ ನನ್ನ ಹಾಲು ಸಾಲ್ತಿಲ್ಲ. ಅದಕ್ಕೇ ಅತ್ತೆ ಕದ್ದುಮುಚ್ಚಿ ಕುಡಿಸ್ತಿದಾರೆ."

ಅಂದಿನಿಂದ ಮಗುವನ್ನು ಎದೆಗೆ ಹಿಡಿದಾಗಲೆಲ್ಲ ಅವಳಿಗೆ ಅಳುವೇ ಬರುತ್ತಿತ್ತು. ಅತ್ತೆಯೊಡನೆ ಮಾತು ನಿಂತಿತು. ಕಳ್ಳತನ ಸಾಬೀತಾದ ದಿನವೇ ತವರಿಗೆ ಹೊರಡುವುದಾಗಿ ಹೇಳಿ, ಬಟ್ಟೆ ತುಂಬಿದ ಚೀಲವನ್ನು ಬಾಗಿಲ ಬಳಿ ಇಟ್ಟಳು.

ಸಿಸ್ಟರಿಗೆ ಸಂಕಟವಾಯಿತು. ಮನೆ ಮುರಿಯುವುದು ಅವರಿಗೆ ಬೇಕಿರಲಿಲ್ಲ. ಆದರೆ ಸತ್ಯ ಹೊರಬರದೆ ಬಿಡುವಂತೆಯೂ ಇರಲಿಲ್ಲ. ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ತೆಗೆದು ಡಬ್ಬಿಯ ಮುಚ್ಚಳಕ್ಕೆ ಬಿಗಿಯಾಗಿ ಸುತ್ತಿ, ಮೇಲೊಂದು ಸಹಿ ಜಡಿದರು. ಅದನ್ನು ಹಲಗೆಗೆ ಎತ್ತಿಡುವಾಗ ಸಮವಸ್ತ್ರದ ಹೊಟ್ಟೆಯ ಮೇಲಿನ ಗುಂಡಿ ಪಟ್ಟನೆ ಕಿತ್ತು ಹಾರಿತು. ಈಚಿನ ಬಟ್ಟೆಗಳೇ ಹೀಗೆ, ಒಗೆದಷ್ಟೂ ಕುಗ್ಗುತ್ತವೆ.

"ಇನ್ನು ಯಾರು ಕೈ ಹಾಕ್ತಾರೋ ನೋಡೇಬಿಡ್ತೀನಿ."

ಅಜ್ಜಿ ಏನೋ ಹೇಳಲು ಬಾಯಿ ತೆರೆದರು. ಡಬ್ಬಿ ನೋಡಿದರು, ಸಿಸ್ಟರ್ ಮುಖ ನೋಡಿದರು, ಖಾಲಿ ಲೋಟ ತೊಳೆಯಲು ಹೋದರು.

ತರಬೇತಿಗೆಂದು ಹೋಗಿದ್ದ ಸಿಸ್ಟರ್ ವಾರ ಕಳೆದು ಬಂದರು. ಪ್ಲಾಸ್ಟರ್ ಹಾಗೇ ಇತ್ತು, ಸಹಿಯೂ ಅಲುಗಿರಲಿಲ್ಲ. ಮಗುವನ್ನು ತೂಗಿದರು. ಎಂದಿನಂತೆಯೇ ತೂಕ ಏರಿತ್ತು! ತಕ್ಕಡಿ ಕೆಟ್ಟಿದೆಯೆಂದು ಮತ್ತೊಮ್ಮೆ ತೂಗಿದರು. ಅಷ್ಟೇ ಬಂತು.

"ಬರೀ ನನ್ನ ಹಾಲಿಗೇನಾ?" ಸೊಸೆ ಮಗುವನ್ನು ಬಾಚಿ ಅಪ್ಪಿಕೊಂಡಳು. ಅಳುತ್ತಲೇ ನಕ್ಕಳು. ಕಾಲಿನಿಂದಲೇ ಚೀಲವನ್ನು ಒಳಕ್ಕೆ ತಳ್ಳಿದಳು.

ಹಾಗಾದರೆ ಅಷ್ಟು ಪುಡಿ ನುಂಗಿದವರು ಯಾರು? ತಲೆ ಕೆರೆದುಕೊಳ್ಳುತ್ತ ಸಿಸ್ಟರ್, ಅಜ್ಜಿ ತಂದಿಟ್ಟ ಲೋಟವನ್ನು ತುಟಿಗೆ ಒಯ್ದರು. ಮುಖ ಕಿವುಚಿಕೊಂಡರು.

"ಇದೇನಜ್ಜಿ, ಇವತ್ತು ನನಗೂ ಕರಿ ಚಹಾ?"

"ಏನ್ಮಾಡ್ಲಿ ಸಿಸ್ಟರ್, ಡಬ್ಬಿಗೆ ನೀವೇ ಪ್ಲಾಸ್ಟರ್ ಸುತ್ತಿಟ್ಟಿದೀರಲ್ಲ!"