ಒಂಟಿ ಸ್ಪ್ರಿಂಗ್

“ಇದನ್ನ ಹಾಕಿದ್ರ ಎಷ್ಟು ದಿನ ತಡೀತದ್ರಿ?”

ಮೇಜಿನಾಚೆ ಕೂತವನು ಇದನ್ನು ಮೂರನೆಯ ಸಲ ಕೇಳುತ್ತಿದ್ದ. ಪಕೀರಬ್ಬ ಕನ್ನಡಕ ಸರಿಮಾಡಿಕೊಂಡು ಅವನ ಮುಖವನ್ನೇ ನೋಡಿದ.

ಹೆಸರು ವಿರುಪಾಕ್ಷಪ್ಪ ಎಂದಿದ್ದ. ಗದಗಿನ ಕಡೆಯವನು. ದುಖಾನ್ ಎಂಬ ಊರಿನಲ್ಲಿ ತೈಲ ಕಂಪನಿಯ ಪೈಪುಗಳ ತಪಾಸಣೆ ಮಾಡುವವನು; ಇಪ್ಪತ್ತೆರಡು ವರ್ಷದ ಸರ್ವಿಸು. ದೋಹಾದ ಕೈಗಾರಿಕಾ ಪ್ರದೇಶವಾದ ಸನಾಯಾದಲ್ಲಿ ಸಾಲುಸಾಲು ಗ್ಯಾರೇಜುಗಳಿದ್ದರೂ ಹುಡುಕಿಕೊಂಡು ಇಲ್ಲಿಗೇ ಬಂದಿದ್ದ. ಬಂದವನು ನೇರ ಒಳಗೆ ಬಂದಿರಲಿಲ್ಲ. ಎದುರಿನ ಚಹಾದಂಗಡಿಯಲ್ಲಿ ಒಂದು ಗಂಟೆ ಕೂತಿದ್ದ. ಪಕೀರಬ್ಬನ ಮಗ ಫವಾಝ್, ಗಿರಾಕಿಯೊಬ್ಬರ ಕಾರು ಒಪ್ಪಿಸಲು ಅಲ್ ಥುಮಾಮಾಕ್ಕೆ ಹೊರಟ ಮೇಲೆಯೇ ಎದ್ದು ಬಂದ. ಹಿರಿಯರ ಹತ್ತಿರವೇ ಮಾತಾಡಬೇಕಿತ್ತು ಎಂದ.

ಗ್ಯಾರೇಜು ಈಗ ಫವಾಝ್‌ನ ಕೈಯಲ್ಲಿತ್ತು. ಪಕೀರಬ್ಬ ಕಣ್ಣಿನ ಆಪರೇಷನ್ನಿಗೆಂದು ಉಳ್ಳಾಲಕ್ಕೆ ಹೋಗಿ ಮೂರು ತಿಂಗಳಿದ್ದು, ಮೊನ್ನೆ ಶುಕ್ರವಾರ ಮರಳಿದ್ದ. ಆದರೂ ಹಳೆಯ ಕಾರೆಂದರೆ ಅವನಿಗೆ ಮೈಯೆಲ್ಲ ಕಿವಿ.

ಎಪ್ಪತ್ತೊಂಬತ್ತರ ಬಿಳಿ ಬೆಂಜ್, ಹಿಂದಿನ ಸ್ಪ್ರಿಂಗುಗಳ ವಿಚಾರ ಎಂದಿದ್ದ ವಿರುಪಾಕ್ಷಪ್ಪ. ಕಾರೆಲ್ಲಿ ಎಂದರೆ, ತರುವ ಸ್ಥಿತಿಯಲ್ಲಿಲ್ಲ ಎಂಬ ಉತ್ತರ. ಪಕೀರಬ್ಬ ಎರಡು ದಾರಿ ಹೇಳಿದ. ಜರ್ಮನಿಯಿಂದ ಅಸಲಿ ಜೋಡಿ ತರಿಸಬಹುದು. ಮೂರು ವಾರ ಕಾಯಬೇಕು. ಇಲ್ಲವೇ ಪೇಟೆಯಲ್ಲಿ ಸಿಗುವ ನಕಲು. ಸ್ವಲ್ಪ ಬಿರುಸು, ಹಿಂದೆ ಕೂತವರಿಗೆ ಹಂಪು ಗೊತ್ತಾಗುತ್ತದೆ, ಆದರೆ ಮೋಸವಿಲ್ಲ. ಆತ ಎರಡರ ಬೆಲೆಯನ್ನೂ ಕೇಳಲಿಲ್ಲ. ಬಟ್ಟೆಯ ಚೀಲದಿಂದ ಕಪ್ಪು ಬಣ್ಣದ ಸ್ಪ್ರಿಂಗೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಇದಾಗುತ್ತದೆಯೇ ಎಂದ.

ಪಕೀರಬ್ಬ ಅದರ ಸುತ್ತುಗಳ ಮೇಲೆ ಹೆಬ್ಬೆರಳು ಎಳೆದ. ಉಗುರಿನಿಂದ ಕೆರೆದ. ಬಣ್ಣದ ಪದರ ಎದ್ದು, ಕೆಳಗೆ ತುಕ್ಕಿನ ಗುಳಿಗಳು ಕಂಡವು. ಗುಜರಿಯ ಮಾಲು. ಕುಸಿದುಹೋದದ್ದನ್ನು ಗ್ಯಾಸಿನ ಬೆಂಕಿಯಲ್ಲಿ ಕಾಯಿಸಿ, ಜಗ್ಗಿ, ಬಣ್ಣ ಬಳಿದು ಹೊಸದು ಮಾಡಿದ್ದರು.

“ಇದರ ಜೋಡಿ ಎಲ್ಲುಂಟು?”

“ಅದು ಬ್ಯಾರೆ ಕಡೆ ಅದ.”

ಕಾರು ಓಡಿಸುವವರು ಯಾರು ಎಂದು ಪಕೀರಬ್ಬ ಕೇಳಿದ.

“ಮಗಂದು ಗಾಡಿ. ಪ್ರಮೋದ ಅಂತ.”

ಪಕೀರಬ್ಬ ಸ್ಪ್ರಿಂಗನ್ನು ತನ್ನ ಕಡೆಗೆ ಎಳೆದುಕೊಂಡ. ಜಿಪುಣ ಗಿರಾಕಿಗಳನ್ನು ಅವನು ಮೂವತ್ತು ವರ್ಷದಿಂದ ಕಂಡಿದ್ದ. ಈತ ಜಿಪುಣನಲ್ಲ. ಕಬ್ಬಿಣದ ಗುಣ ಬಲ್ಲವನು, ಕೆಟ್ಟ ಸ್ಪ್ರಿಂಗ್ ಎಷ್ಟು ದಿನ ತಡೆದೀತೆಂದು ಮತ್ತೆ ಮತ್ತೆ ಕೇಳುತ್ತಿದ್ದಾನೆ. ಮಗನ ಕಾರಿಗೆ. ಆಸ್ತಿಯ ಜಗಳವೋ, ವಿಮೆಯೋ, ಮನೆಯೊಳಗಿನ ಇನ್ನಾವ ವಿಷವೋ.

ಅವನು ಬಿಡಿಸಿ ಹೇಳಿದ. “ಒಂದು ತಿಂಗಳು ಬಂದರೆ ಹೆಚ್ಚು ಸಾರ್. ದುಖಾನ್ ರೋಡಲ್ಲಿ ನೂರಿಪ್ಪತ್ತರಲ್ಲಿ ಹೋಗುವಾಗ ಇದು ತುಂಡಾದರೆ, ತುದಿ ಟಯರನ್ನು ಸೀಳ್ತದೆ. ಗಾಡಿ ಪಲ್ಟಿ. ಒಳಗಿದ್ದವ ಉಳಿಯುದಿಲ್ಲ.”

ಗೊತ್ತಿದ್ದ ಲೆಕ್ಕವನ್ನು ತಾಳೆ ನೋಡುವವನಂತೆ ವಿರುಪಾಕ್ಷಪ್ಪ ತಲೆಯಾಡಿಸಿದ. ಆಮೇಲೆ ದನಿ ತಗ್ಗಿಸಿ, ಬೇಡಿಕೊಳ್ಳುವವನ ಹಾಗೆ ಕೇಳಿದ. “ಹಾಕೋ ಮೆಕ್ಯಾನಿಕ್‌ಗೆ ಗೊತ್ತಾಗದs ಇರಬಹುದಲ್ರಿ? ಹೊಸಾದು ಅಂತ ತಿಳ್ಕೊಂಡು ಹಾಕಬಹುದು. ಕಣ್ತಪ್ಪಿ.”

ಪಾಪವನ್ನು ಮೆಕ್ಯಾನಿಕ್‌ನ ತಲೆಗೆ ಕಟ್ಟುವ ಹುನ್ನಾರ ಎಂದುಕೊಂಡ ಪಕೀರಬ್ಬ. ಅವನಿಗೆ ಸಿಟ್ಟು ಬಂತು.

“ಕಣ್ಣು ತಪ್ಪಿದರೂ ಕೈ ತಪ್ಪುದಿಲ್ಲ. ಕೆಲಸ ಕಲಿತವನಿಗೆ ಮುಟ್ಟಿದ ಕೂಡಲೇ ಗೊತ್ತಾಗ್ತದೆ. ನನ್ನ ಮಗನಿಗೆ ನಾನು ಮೊದಲು ಕಲಿಸಿದ್ದೇ ಇದು. ಯಾರಾದರೂ ಇದನ್ನು ಹಾಕಿದರೆ, ಗೊತ್ತಿದ್ದೇ ಹಾಕಿದ್ದು.”

“ಖರೇನ?”

“ಅಲ್ಲಾಹನ ಮುಂದೆಯೂ ಇದನ್ನೇ ಹೇಳ್ತೇನೆ.”

ವಿರುಪಾಕ್ಷಪ್ಪ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ. ಪಕೀರಬ್ಬ ಸ್ಪ್ರಿಂಗನ್ನು ಎತ್ತಿ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಇದನ್ನು ಹಿಂದಕ್ಕೆ ಕೊಡುವುದಿಲ್ಲ, ಬೇಕಿದ್ದರೆ ಪೊಲೀಸರನ್ನು ಕರೆಯಿರಿ ಎಂದ. ಕಾರನ್ನು ಎತ್ತಿಸಿಕೊಂಡು ಬನ್ನಿ, ಅಸಲಿ ಜೋಡಿ ನಾನೇ ತರಿಸಿ ಹಾಕುತ್ತೇನೆ, ನನಗೊಂದು ರಿಯಾಲೂ ಬೇಡ, ಆ ಹುಡುಗ ಬದುಕಲಿ ಎಂದ.

ವಿರುಪಾಕ್ಷಪ್ಪನ ಕಣ್ಣು ತುಂಬಿ ಬಂತು. ಪಶ್ಚಾತ್ತಾಪವಿರಬೇಕು ಎಂದುಕೊಂಡ ಪಕೀರಬ್ಬ, ನೀರಿನ ಬಾಟಲಿಯನ್ನು ಮುಂದೆ ಸರಿಸಿದ. ಆತ ಮುಟ್ಟಲಿಲ್ಲ. ಎದ್ದು ನಿಂತ.

“ಗಾಡಿ ಪಲ್ಟಿಯಾಗಿ ಪ್ರಮೋದ ಹೋಗಿ ಇವತ್ತಿಗೆ ಒಂದು ತಿಂಗಳಾತ್ರಿ. ನಿಮ್ಮ ಕಪಾಟಿನಾಗ ಇಟ್ಟದ್ದರ ಜೋಡಿ ಮುರಿದು ಆ ಗಾಡಿಯೊಳಗs ಅದ. ಎರಡೂ ಹಾಕಿದವ ನಿಮ್ಮ ಫವಾಝ್. ಪೊಲೀಸರಿಗೆ ನಾ ಇನ್ನೂ ಹೇಳಿಲ್ಲ. ಗೊತ್ತಿಲ್ಲದs ಹಾಕಿರ್ತಾನ ಅಂತ ನಿಮ್ಮ ಬಾಯಿಂದ ಒಂದು ಮಾತು ಕೇಳಿ, ಸುಮ್ಮನ ಹೋಗಿಬಿಡೋಣ ಅಂತ ಬಂದಿದ್ದೆ.”