ರಾಮಾಂಜಿನಯ್ಯನ ಕಣ್ಣುಗುಡ್ಡೆ

ಫೋಟೊವನ್ನು ತಾನಾಗಿ ಗೆರೆಗಳಾಗಿಸುವ ಟ್ರೇಸ್ ಒತ್ತಿದ ಕೂಡಲೇ, ಕಂಪ್ಯೂಟರಿನ ಪರದೆಯ ಮೇಲೆ ತೀರಿಹೋದ ರಾಮಾಂಜಿನಯ್ಯನಿಗೆ ಬಳೆ ತೊಟ್ಟ ಕಿವಿಯೊಂದು ಮೂಡಿತು. ಮೂಗು ಮೀಸೆಯೊಳಗೆ ಸೇರಿಹೋಯಿತು. ಬಾಯಿ ಇರಬೇಕಾದ ಕಡೆ ಕುಣಿಗಲ್ ಕೆರೆಯ ನಕ್ಷೆಯಂಥ ಕಪ್ಪು ಕಲೆ ಹರಡಿಕೊಂಡಿತು.

“ಇದು ನಮ್ಮಪ್ಪ ಅಲ್ಲ,” ಎಂದ, ಕುರ್ಚಿಯ ಹಿಂದೆ ನಿಂತಿದ್ದ ಮಗ ರಂಗರಾಜು.

“ಬಾಯಿ ಅವ್ರದ್ದೇ ಕಣೋ,” ಎಂದಳು ಅವನ ತಾಯಿ ರಂಗಲಕ್ಷ್ಮಮ್ಮ. “ಯಾವಾಗ್ಲೂ ತೆರ್ದೇ ಇರ್ತಿತ್ತು.”

ಕಂಪ್ಯೂಟರಿನ ಮುಂದೆ ಕೂತಿದ್ದ ತ್ರಿವೇಣಿ ನಗು ನುಂಗಿಕೊಂಡಳು. ಸತ್ತವರ ಕೆಲಸ, ಏನಾದರೂ ಹೆಚ್ಚುಕಡಿಮೆಯಾದರೆ ಎಂಬ ಭಯ ಅವಳಿಗೆ ಬೆಳಗಿನಿಂದಲೂ ಇತ್ತು. ಶಿರಾ ಗೇಟಿನ ಆ ಅಂಗಡಿಯಲ್ಲಿ ಮಾಡುತ್ತಿದ್ದದ್ದೆಲ್ಲ ಕಾರು, ಆಟೋಗಳ ಹಿಂದಿನ ಗಾಜಿಗೆ ಒಳಗಿನಿಂದ ಅಂಟಿಸುವ ಸ್ಟಿಕ್ಕರುಗಳು. ಒಳಗಿನಿಂದ ಅಂಟಿಸುವುದರಿಂದ ಅವನ್ನು ಎಡಬಲ ಅದಲುಬದಲು ಮಾಡಿಯೇ ಕತ್ತರಿಸಬೇಕು. ಸಮಾಧಿ ಕಲ್ಲಿಗೆ ಮುಖ ಮಾಡುವುದು ಇದೇ ಮೊದಲು. ಫೋಟೊದಲ್ಲಿರುವ ಮುಖವನ್ನು ಗೆರೆಗಳಾಗಿ ಮಾಡಿಕೊಟ್ಟರೆ ಯಂತ್ರ ಆ ಗೆರೆಯ ಮೇಲೆ ಸ್ಟಿಕ್ಕರ್ ಕತ್ತರಿಸುತ್ತದೆ. ಕಲ್ಲಿನವರು ಅದನ್ನು ಗ್ರಾನೈಟಿಗೆ ಅಂಟಿಸಿ, ರಭಸದಿಂದ ಮರಳು ಹೊಡೆದು ಮುಖ ಕೊರೆಯುತ್ತಾರೆ. ಹೆಸರು, ತಾರೀಖು ಅವರೇ ಕೆತ್ತಿಕೊಳ್ಳುತ್ತಾರೆ. ಆದರೆ ಇವರು ಗುಬ್ಬಿಯ ಆಚೆಯಿಂದ ಹೊತ್ತು ತಂದ ಫೋಟೊ ಹೆಬ್ಬೆರಳಷ್ಟಿತ್ತು. ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿದ್ದು. ಹಿಗ್ಗಿಸಿದರೆ ಬರೀ ಚೌಕಗಳು.

“ಅಂಚಿನಲ್ಲಿ ಒಂದು ಕೈ ಇದೆಯಲ್ಲಮ್ಮ, ಬಳೆ ಹಾಕಿರೋದು. ಅದೇ ಕಿವಿಗೆ ಸೇರ್ಕೊಂಡಿದೆ. ಯಾರದು?”

ರಂಗರಾಜು ಫ್ಯಾನ್ ನೋಡಿದ.

“ಕತ್ರಿ ಜಾರ್ತು ಕಣವ್ವ,” ಎಂದಳು ರಂಗಲಕ್ಷ್ಮಮ್ಮ. “ಇಲ್ದಿದ್ರೆ ಅದೂ ಉಳೀತಿರ್ಲಿಲ್ಲ.”

ತ್ರಿವೇಣಿ ಟ್ರೇಸನ್ನು ಅಳಿಸಿ, ಫೋಟೊದ ಮೇಲೆ ಒಂದೊಂದೇ ಚುಕ್ಕಿ ಇಟ್ಟು, ಚುಕ್ಕಿಗಳನ್ನು ಗೆರೆಯಿಂದ ಸೇರಿಸುತ್ತಾ ಹೊಸದಾಗಿ ಬರೆಯತೊಡಗಿದಳು. ಎಡಗೆನ್ನೆಯ ಮಚ್ಚೆ ಸುಲಭವಾಗಿ ಬಂತು. ಮೂಗಿನ ಹತ್ತಿರ ಬಂದಾಗ ಒಂದು ಸೊಟ್ಟ ಕಂಡಿತು.

“ಅದು ಎತ್ತು ಹಾಯ್ದಿದ್ದು,” ಎಂದ ರಂಗರಾಜು.

“ಎತ್ತು ಅಂತ ಊರಿಗೆ ಹೇಳಿದ್ದು. ಹಾಯ್ದಿದ್ದು ಮುದ್ದೆ ಕೋಲು.” ರಂಗಲಕ್ಷ್ಮಮ್ಮ ಪರದೆಯ ಹತ್ತಿರ ಬಗ್ಗಿದಳು. ತ್ರಿವೇಣಿ ತುಟಿಯ ಮೇಲಿನ ಒಂದು ಚುಕ್ಕಿಯನ್ನು ಕೆಳಗೆ ಎಳೆದಾಗ ತೆರೆದ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು. “ಅಯ್ಯೋ! ಎಳುದ್ರೆ ಬರ್ತದಾ?”

“ಬರುತ್ತಮ್ಮ.”

“ಹಂಗಾದ್ರೆ ಕಣ್ಣು ಈ ಕಡೆ ತಿರುಗ್ಸು.”

ಫೋಟೊದಲ್ಲಿ ರಾಮಾಂಜಿನಯ್ಯನ ಕಣ್ಣುಗುಡ್ಡೆಗಳೆರಡೂ ಎಡಕ್ಕೆ, ಆ ಬಳೆಗಳ ಕಡೆಗೆ ಒತ್ತಿಕೊಂಡು ನಿಂತಿದ್ದವು.

“ಅಮ್ಮಾ, ಸುಮ್ಕಿರು. ಅಪ್ಪ ಹೆಂಗಿದ್ರೋ ಹಂಗೇ ಇರ್ಲಿ,” ಎಂದ ಮಗ.

“ಹೆಂಗಿದ್ರು ಅಂತ ಊರಿಗೆಲ್ಲ ಗೊತ್ತು. ಕಲ್ಲಿಗೂ ಯಾಕ್ಲಾ ಗೊತ್ತಾಗ್ಬೇಕು?” ಅವಳು ತ್ರಿವೇಣಿಯ ಕಡೆ ತಿರುಗಿದಳು. “ಕಲ್ಲು ನಿಲ್ಲೋದು ನಮ್ಮ ಹೊಲದಾಗೆ ಕಣವ್ವ. ಕಲ್ಲಿನ ಎದುರಿಗೆ ನಿಂತ್ರೆ, ಎಡಕ್ಕೆ ಬದು ದಾಟುದ್ರೆ ಶಿವರುದ್ರಮ್ಮನ ಹೊಲ, ಬಲಕ್ಕೆ ನಮ್ಮನೆ. ಬದುಕಿದ್ದಾಗ ಆಯಮ್ಮನ್ನ ನೋಡಿದ್ದು ಸಾಲ್ದಾ? ದಿನಾ ಸಂಜೆ ದೀಪ ಹಚ್ಚೋಳು ನಾನು. ನಾನು ಎಣ್ಣೆ ಹಾಕ್ಬೇಕು, ಅವ್ರು ಅತ್ಲಾಗೆ ನೋಡ್ತಾ ನಿಂತಿರ್ಬೇಕಾ?”

ರಂಗರಾಜು ಬೀಡಾ ತರುವ ನೆಪದಲ್ಲಿ ಹೊರಗೆ ಹೋದ. ತ್ರಿವೇಣಿ ಎರಡು ಕಪ್ಪು ಗುಂಡುಗಳನ್ನು ಹಿಡಿದು ಬಲಕ್ಕೆ ಜರುಗಿಸಿದಳು. ರಾಮಾಂಜಿನಯ್ಯ ತನ್ನ ಮನೆಯ ಕಡೆಗೆ, ಹೆಂಡತಿಯ ಕಡೆಗೆ ನೋಡಿದ. ರಂಗಲಕ್ಷ್ಮಮ್ಮನ ಕೈ ತಾನಾಗಿಯೇ ಸೆರಗು ಸರಿಮಾಡಿಕೊಂಡಿತು.

“ಅಷ್ಟು ಸಾಕು,” ಎಂದಳು ಸಣ್ಣ ದನಿಯಲ್ಲಿ. “ಜಾಸ್ತಿ ಬ್ಯಾಡ. ಅಭ್ಯಾಸ ಇಲ್ಲ ಅವ್ರಿಗೆ.”

ತ್ರಿವೇಣಿ ಮಚ್ಚೆ, ಮೂಗು, ಕಣ್ಣು ಎಲ್ಲವನ್ನೂ ಮತ್ತೆ ಮತ್ತೆ ನೋಡಿ, ಕತ್ತರಿಸಲು ಮಾಲೀಕ ಕನಕರಾಜುವಿಗೆ ಒಪ್ಪಿಸಿ ಮನೆಗೆ ಹೋದಳು.

ಕಲ್ಲು ನಿಲ್ಲಿಸಿದ ಮೇಲೆ ರಂಗಲಕ್ಷ್ಮಮ್ಮ ಒಬ್ಬಳೇ ಬಂದಳು. ಕೈಯಲ್ಲೊಂದು ಭಾರದ ಚೀಲ. ಬಂದವಳೇ ಸ್ಟೂಲಿನ ಮೇಲೆ ಕೂತಳು.

“ಮಚ್ಚೆ ಆ ಕೆನ್ನೆಯಿಂದ ಈ ಕೆನ್ನೆಗೆ ಬಂದದೆ ಅಂತ ಮಗ ಕುಣೀತವ್ನೆ. ಮಚ್ಚೆ ಎಲ್ಲಾದ್ರೂ ಹೋಗ್ಲಿ. ಕಣ್ಣು ಮತ್ತೆ ಆ ಕಡೇಕೇ ಹೋಗವೆ ಕಣವ್ವ.”

ತ್ರಿವೇಣಿ ಫೈಲ್ ತೆರೆದಳು. ಪರದೆಯ ಮೇಲೆ ಕಣ್ಣು ಬಲಕ್ಕೇ ಇತ್ತು. ಅವಳು ನಿಧಾನವಾಗಿ ಮಾಲೀಕನ ಕಡೆ ನೋಡಿದಳು.

“ಸಾರ್, ಕತ್ತರಿಸೋವಾಗ ಮಿರರ್ ಒತ್ತಿದ್ರಾ?”

“ದಿನಾ ಒತ್ತೋದೇ ಅಲ್ವಾ, ಗಾಜಿಗೆ...” ಎಂದ ಕನಕರಾಜು. ಟೀ ಲೋಟ ಅವನ ತುಟಿಯ ಹತ್ತಿರವೇ ನಿಂತಿತು.

“ನಮ್ಮದೇ ತಪ್ಪಮ್ಮ, ಎಡಬಲ ತಿರುಗಿಹೋಗಿದೆ. ಬೇರೆ ಕಟಿಂಗ್ ಮಾಡ್ಕೊಡ್ತೀವಿ. ಬೇರೆ ಕಲ್ಲೂ...” ಎಂದು ತ್ರಿವೇಣಿ ಶುರುಮಾಡುವಷ್ಟರಲ್ಲಿ ಕನಕರಾಜುವಿಗೆ ಕೆಮ್ಮು ಬಂತು.

“ಬುಡವ್ವ. ನೀನು ತಿರುಗ್ಸಿದ್ದು ನಾನೇ ಕಣ್ಣಾರೆ ನೋಡಿವ್ನಿ. ಅವ್ರು ಯಾರು ತಿರುಗ್ಸಿದ್ರೆ ತಿರುಗೋರು?” ರಂಗಲಕ್ಷ್ಮಮ್ಮ ಎದ್ದು ಚೀಲದ ಬಾಯಿ ಬಿಡಿಸಿ ತೋರಿಸಿದಳು. ಒಳಗೆ ಮಣ್ಣು ಮೆತ್ತಿದ ಹಲಸಿನ ಸಸಿ, ಎಲೆಗಳು ಪಳಪಳ ಹೊಳೆಯುತ್ತಿದ್ದವು.

“ನರ್ಸರಿಗೆ ಬಂದಿದ್ದೆ. ಎಡಗಡೆ ಬದೂಗೆ ನೆಡ್ತೀನಿ. ಇನ್ನೊಂದೆರ್ಡು ವರ್ಸ ನೋಡ್ಕಳ್ಳಿ, ಪಾಪ. ಆಮ್ಯಾಕೆ ಎಲೆ ಎಣುಸ್ಕಂಡು ನಿಂತಿರ್ಲಿ.”