ಎರಡು ಖಾಲಿ ಸ್ಲಾಟು

"ಮೂರು ವರ್ಷ ಆದ್ಮೇಲೆ ಇದರಲ್ಲಿ ಏನು ಕೆಲಸ ಮಾಡ್ತೀರಿ? ಅದನ್ನ ಹೇಳಿ, ಆಮೇಲೆ ಮದರ್‌ಬೋರ್ಡ್ ಕೊಡ್ತೀನಿ," ಎಂದ ಕಂಪ್ಯೂಟರ್ ಅಂಗಡಿಯವ.

ಬಂದ ಗಿರಾಕಿಗಳನ್ನೆಲ್ಲ ಹೀಗೆ ಕಟಕಟೆ ಹತ್ತಿಸುವುದು ಅವನ ರೂಢಿ. ರ‍್ಯಾಮನ್ನು ಬೇಕಾದಾಗ ಇನ್ನೊಂದು ಸಿಕ್ಕಿಸಬಹುದು, ಬೋರ್ಡನ್ನು ಎಳೆದು ಹಿಗ್ಗಿಸಿ ಅದು ಕೂರುವ ಸ್ಲಾಟು ಹೆಚ್ಚಿಸಲಾಗದು ಎಂಬುದು ಅವನ ವಾದ.

"ಇವಳ ಕೆಲಸ ಸ್ಟುಡಿಯೋದಲ್ಲೇ ಮುಗಿಯುತ್ತೆ. ಮನೇಲಿ ನಾನು ಹಳೇ ಸಿನಿಮಾ ಹಾಕ್ಕೊಂಡು ಗೊರಕೆ ಹೊಡೀತೀನಿ, ಅಷ್ಟೇ," ಎಂದ ಗಂಡ, ಪಕ್ಕದಲ್ಲಿದ್ದ ಹೆಂಡತಿಯತ್ತ ಕೈ ತೋರಿಸಿ. ಅವನು ಬಡಗಿ. ಕಿವಿಯ ಮೇಲಿನ ಪೆನ್ಸಿಲನ್ನೂ ತೆಗೆಯದೆ ಬಂದಿದ್ದ. "ಎರಡು ಸ್ಲಾಟಿನದು ಸಾಕು."

ಅವಳು ಗಾಜಿನ ಕೌಂಟರಿನ ಮೇಲಿದ್ದ ಬೋರ್ಡುಗಳತ್ತ ಬಾಗಿದಳು. ಒಂಬತ್ತು ವರ್ಷದಿಂದ ಆ ಸ್ಟುಡಿಯೋದಲ್ಲಿ ಯಾರ ಯಾರದೋ ವಿಡಿಯೋ ಕತ್ತರಿಸಿ ಜೋಡಿಸುತ್ತಿದ್ದವಳು, ಈ ತಿಂಗಳ ಕೊನೆಗೆ ಕೆಲಸ ಬಿಟ್ಟು ಮನೆಯಲ್ಲೇ ಸ್ವಂತಕ್ಕೆ ಶುರು ಮಾಡುವುದೆಂದು ನಿಶ್ಚಯಿಸಿದ್ದಳು. ಗಂಡನಿಗೆ ಹೇಳಿರಲಿಲ್ಲ. ದಿನವೂ ಊಟದ ಹೊತ್ತಿಗೆ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ತುತ್ತಿನ ಜೊತೆಗೇ ಒಳಗೆ ಹೋಗುತ್ತಿತ್ತು.

"ಎರಡು ಸ್ಲಾಟಿನ ಈ ಬೋರ್ಡು ಮೂವತ್ತೆರಡು ಜಿಬಿಗೇ ಕೈಯೆತ್ತಿಬಿಡುತ್ತೆ. ನಾಲ್ಕರದು ನೂರಿಪ್ಪತ್ತೆಂಟರ ತನಕ ತಾಳುತ್ತೆ. ನೀವು ಹೇಳಿಮ್ಮಾ, ಯಾವುದು?" ಎಂದು ಅಂಗಡಿಯವ ಅವಳನ್ನೇ ಕೇಳಿದ.

"ನಾಲ್ಕರದು." ತನ್ನ ದನಿ ತನಗೇ ದೊಡ್ಡದಾಗಿ ಕೇಳಿಸಿತು. "ಈಗ ಎರಡಕ್ಕೆ ರ‍್ಯಾಮ್ ಹಾಕಿ. ಎರಡು ಖಾಲಿ ಇರಲಿ."

"ಖಾಲಿ ಯಾಕೇ? ನೆಂಟರು ಬಂದು ಕೂತ್ಕೋತಾರಾ?" ಗಂಡ ನಕ್ಕ.

"ಕೆಲಸ ಬರುತ್ತೆ," ಎಂದಳು. ಆಮೇಲೆ, ಬೋರ್ಡನ್ನೇ ನೋಡುತ್ತ, "ಸ್ಟುಡಿಯೋ ಬಿಡ್ತಿದೀನಿ. ಇನ್ಮೇಲೆ ಮನೇಲೇ ಮಾಡ್ತೀನಿ. ಮೊದಮೊದಲು ಸ್ವಲ್ಪ ಕಷ್ಟ ಆಗ್ಬಹುದು."

ಅಂಗಡಿಯವ ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದ. ಗೋಡೆಯ ಫ್ಯಾನು ಒಮ್ಮೆ ಅವಳತ್ತ, ಒಮ್ಮೆ ಗಂಡನತ್ತ ತಿರುಗಿ ನೋಡಿತು.

ಗಂಡ ಜೇಬಿನಿಂದ ಅಳತೆ ಟೇಪು ತೆಗೆದ. ಪಕ್ಕದಲ್ಲಿದ್ದ ಕಂಪ್ಯೂಟರ್ ಕ್ಯಾಬಿನೆಟ್ಟಿನ ಉದ್ದ, ಅಗಲ, ಎತ್ತರ ಅಳೆದ. ನಾಲ್ಕು ಸ್ಲಾಟಿನ ಬೋರ್ಡಿನ ರಟ್ಟಿನ ಪೆಟ್ಟಿಗೆಯನ್ನು ಕೇಳದೆಯೇ ಎಳೆದುಕೊಂಡು, ಅದರ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡ.

"ಮನೇ ಮೂಲೇಲಿರೋ ಆ ಮೇಜು ಇದಕ್ಕೆ ಸಾಲಲ್ಲ ಕಣೇ. ಹೊಸದು ಮಾಡ್ತೀನಿ. ನಾಲ್ಕು ಡ್ರಾಯರ್ ಇಡ್ತೀನಿ."

ಅವಳು ತಲೆಯೆತ್ತಿದಳು. "ನಾಲ್ಕು ಯಾಕೆ?"

ಅವನು ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

"ಎರಡು ಖಾಲಿ ಇರಲಿ."